ಕಾಖಂಡಕಿ ಅಕ್ಕನಿಗೆ ಫೋನಿನಲ್ಲಿ ಬಂದ ಡಾಕ್ಟರು

ಹೋದ ವಾರ ತಿಕೋಟಾದ ನನ್ನ ಹೊಲಿಗೆ ಅಂಗಡಿಗೆ ಒಬ್ಬ ಹುಡುಗಿ ತನ್ನ ಅಜ್ಜಿಯ ಇಳಕಲ್ ಸೀರೆ ತಂದಿದ್ದಳು. ಅದನ್ನು ಕತ್ತರಿಸಿ ಚೂಡಿದಾರ ಹೊಲಿಯಬೇಕಂತೆ. ಮಡಿಕೆ ಬಿಚ್ಚಿದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಟ್ರಂಕಿನ ತಳದಲ್ಲಿ ಬಹಳ ದಿನ ಇದ್ದ ಬಟ್ಟೆಯ ವಾಸನೆ. "ಯಾಕ್ರೀ ಅಕ್ಕಾರ, ಬಟ್ಟಿ ಭಾಳ ಹಳೇದಾಗೇತೇನ್ರಿ?" ಅಂದಳು ಹುಡುಗಿ. ಏನಿಲ್ಲ ಅಂದೆ. ಇದೇ ವಾಸನೆಯ ಒಬ್ಬ ಹೆಂಗಸು ತಿಂಗಳಿಗೊಮ್ಮೆ ನನ್ನ ಮಗ್ಗುಲಿಗೆ ಬಂದು ಕೂಡುತ್ತಿದ್ದಳು ಅಂತ ಅವಳಿಗೆ ಹೇಳಿ ಏನು ಮಾಡಲಿ…

ಅವಳು ಕಾಖಂಡಕಿಯವಳು. ನಾನು ಅಕ್ಕ ಅನ್ನುತ್ತಿದ್ದೆ. ನಮ್ಮ ಪರಿಚಯ ಆದದ್ದು ವಿಜಯಪುರದಲ್ಲಿ, ಒಬ್ಬ ಮನೋವೈದ್ಯರ ದವಾಖಾನೆಯಲ್ಲಿ ಪಾಳಿಗೆ ಕೂಡುವ ಬಾಕಿನ ಮೇಲೆ. ಎರಡನೇ ಹೆರಿಗೆಯಾದ ಮೇಲೆ ನನ್ನ ನಿದ್ದೆ ಹಾರಿಹೋಗಿತ್ತು. ಕೂಸು ಅತ್ತರೆ ಎತ್ತಿಕೊಳ್ಳಬೇಕು ಅಂತಲೂ ಅನ್ನಿಸುತ್ತಿರಲಿಲ್ಲ. ದೇವರು, ದಿಂಡರು ಎಲ್ಲಾ ಮುಗಿಸಿ ನನ್ನ ಗಂಡ ಕೊನೆಗೆ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಯಾರಾದರೂ ಗುರುತಿನವರು ನೋಡಿದರೆ ಹೇಗೆ ಅಂತ ಸೆರಗು ಮೋರೆ ಮೇಲೆ ಎಳೆದುಕೊಂಡು ಕೂತಿದ್ದೆ. ಮಗ್ಗುಲಿನ ಹೆಂಗಸು ಬಗ್ಗಿ ನನ್ನ ಮೋರೆ ನೋಡಿದಳು.

"ಅಂಜಬ್ಯಾಡ ತಂಗಿ. ಇಲ್ಲಿ ಕುಂತವರೆಲ್ಲಾ ನಮ್ಮಂಥವರ ಅದಾರ. ಯಾರು ಯಾರಿಗೆ ನಗಬೇಕು?"

ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನಗು ಬಂತು.

ಅಕ್ಕನಿಗೆ ಕಿವಿಯಲ್ಲಿ ಮಾತು ಕೇಳಿಸುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಶುರುವಾದದ್ದು. ಮಕ್ಕಳಿರಲಿಲ್ಲ. ಮೈದುನನ ಮನೆಯಲ್ಲಿದ್ದಳು. ಮಾತು ಜೋರಾದಾಗ ಎದ್ದು ಹೊಲದ ದಾರಿ ಹಿಡಿದು ಹೋಗಿಬಿಡುತ್ತಿದ್ದಳು, ಇಲ್ಲವೇ ಅಂಗಳದಲ್ಲಿ ನಿಂತು ಬೈಯುತ್ತಿದ್ದಳು. ಗುಳಿಗೆ ಸರಿಯಾಗಿ ತೆಗೆದುಕೊಂಡಾಗ ಮಾತ್ರ ಅವಳಷ್ಟು ಶಹಾಣಿ ಹೆಂಗಸನ್ನು ನಾನು ನೋಡಿಲ್ಲ. ದವಾಖಾನೆಗೆ ಬರುವ ದಿನ ಟ್ರಂಕಿನಿಂದ ಇದ್ದೊಂದು ಚಲೋ ಸೀರೆ ತೆಗೆದು ಉಡುತ್ತಿದ್ದಳು. ಬೇರೆ ಎಲ್ಲಿಗೂ ಅವಳನ್ನು ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ. ಮದುವೆ ಮುಂಜಿಗೂ ಇಲ್ಲ. ಬಸ್ಸಿನ ಕಿಟಕಿಗೆ ಕೂತು ಬಬಲೇಶ್ವರ ದಾಟಿ ವಿಜಯಪುರಕ್ಕೆ ಬರುವುದೇ ಅವಳ ತಿರುಗಾಟ.

ಮೈದುನ ಕರೆತರುತ್ತಿದ್ದ. ಕೆಟ್ಟ ಮನುಷ್ಯ ಅಂತ ನಾನು ಹೇಳಲಾರೆ. ಬೇಸತ್ತ ಮನುಷ್ಯ. ಒಳಗೆ ಹೋದೊಡನೆ ಅವನದೇ ಮಾತು ಶುರುವಾಗುತ್ತಿತ್ತು. "ಸಾಹೇಬ್ರ, ನಿದ್ದೀನ ಮಾಡೂದಿಲ್ರಿ, ಗುಳಿಗಿ ಜಾಸ್ತಿ ಮಾಡ್ರಿ." ಆ ಡಾಕ್ಟರು ತಲೆ ನರೆತವರು, ಸಾವಕಾಶದವರು. ಅವನ ಮಾತು ಪೂರ್ತಿ ಕೇಳಿ, "ಆತು, ನೀವು ಸ್ವಲ್ಪ ಹೊರಗ ಕೂಡ್ರಿ" ಅನ್ನುತ್ತಿದ್ದರು. ಎಲ್ಲರ ಮನೆಯವರಿಗೂ ಹಾಗೆಯೇ ಅನ್ನುತ್ತಿದ್ದರು, ನನ್ನ ಗಂಡನಿಗೂ. ಬಾಗಿಲು ಹಾಕಿದ ಮೇಲೆ ಅಕ್ಕನ ಕೈ ಮುಂದೆ ಚಾಚಿಸಿ, ಗುಳಿಗೆ ಹೆಚ್ಚಾಗಿ ಬೆರಳು ನಡುಗುತ್ತವೆಯೋ ನೋಡುತ್ತಿದ್ದರು. ಗೋಡೆತನಕ ನಡೆದು ಬಾ ಅನ್ನುತ್ತಿದ್ದರು. ಆಮೇಲೆ, "ಈಗ ಹೇಳವ್ವ" ಅನ್ನುತ್ತಿದ್ದರು. ಇದನ್ನೆಲ್ಲ ಅಕ್ಕನೇ ನನಗೆ ಹೊರಗೆ ಬಂದು ಹೇಳುತ್ತಿದ್ದಳು. ಒಮ್ಮೆ ಅವಳು ಒಳಗೆ ಬಹಳ ಹೊತ್ತು ಇದ್ದಳು. ನಂತರ ಮೈದುನನನ್ನು ಕರೆದರು. ಆ ಸಾವಕಾಶದ ಡಾಕ್ಟರ ದನಿ ಬಾಗಿಲಾಚೆ ಬಾಕಿನವರೆಗೂ ಕೇಳಿಸಿತು.

"ಮನುಷ್ಯಾರನ್ನ ಕ್ವಾಣಿಯೊಳಗ ಹಾಕಿ ಕೀಲಿ ಹಾಕ್ತಾರೇನ್ರಿ? ಮುಂದಿನ ತಿಂಗಳಾ ಇಕಿ ಬಂದು ಹಂಗ ಮಾಡ್ಯಾರ ಅಂದ್ರ ನಾನ ನಿಮ್ಮ ಊರಿಗೆ ಬರ್ತೀನಿ, ನೋಡ್ರಿ ಮತ್ತ."

ಅವರು ಎಂದೂ ಹೋಗಬೇಕಾಗಲಿಲ್ಲ. ಮುಂದಿನ ತಿಂಗಳು ಅವಳು ಬರುತ್ತಾಳೆ, ಹೇಳುತ್ತಾಳೆ ಅನ್ನುವ ಹೆದರಿಕೆಯೇ ಮೈದುನನಿಗೆ ಸಾಕಾಗಿತ್ತು.

ಆ ಡಾಕ್ಟರಿಗೆ ವಯಸ್ಸಾಯಿತು. ದವಾಖಾನೆಯನ್ನು ಯಾವುದೋ ಕಂಪನಿಗೆ ಕೊಟ್ಟು ಮಗಳ ಊರಿಗೆ ಹೋದರು. ಕಂಪನಿಯವರು ಬಂದು ನಮ್ಮೆಲ್ಲರ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಇನ್ನು ಬಸ್ಸು ಹತ್ತುವ ತ್ರಾಸು ಇಲ್ಲ, ಡಾಕ್ಟರೇ ನಿಮ್ಮ ಮನೆಗೆ ಬರುತ್ತಾರೆ ಅಂದರು. ಗುಳಿಗೆಯೂ ಪಾರ್ಸಲ್ಲಿನಲ್ಲಿ ಬರುತ್ತದೆ ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಅನುಕೂಲವೇ ಆಯಿತು. ಅಂಗಡಿ ಮುಚ್ಚದೆ, ಮಷೀನಿನ ಮುಂದೆ ಕೂತಲ್ಲೇ ಡಾಕ್ಟರ ಹತ್ತಿರ ಮಾತಾಡಿದೆ. ನನ್ನ ಗುಳಿಗೆ ಕಡಿಮೆಯಾದವು. ಕೂಸು ಸಾಲಿಗೆ ಹೋಗುವಂತಾಯಿತು.

ಆದರೆ ನನ್ನ ಫೋನು ನನ್ನ ಕೈಯಲ್ಲಿತ್ತು. ಅಕ್ಕನಿಗೆ ಫೋನೇ ಇರಲಿಲ್ಲ. ಆ್ಯಪ್ ಹಾಕಿದ್ದು ಮೈದುನನ ಫೋನಿಗೆ.

ಬಾಕು ಇಲ್ಲದ ಮೇಲೆ ನಮ್ಮ ಭೇಟಿಯೂ ನಿಂತಿತು. ಬಹಳ ದಿನ ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ, ಅವಳಿಗೊಂದು ಜಂಪರು ಹೊಲಿದುಕೊಂಡು, ವಿಜಯಪುರಕ್ಕೆ ಹೋಗಿ ಬಸ್ಸು ಬದಲಿಸಿ, ಕಾಖಂಡಕಿಗೆ ಹೋದೆ. ಮನೆ ಕೇಳಿಕೊಂಡು ಹೋದರೆ ಪಡಸಾಲೆಯಲ್ಲಿ ಕೂತವಳು ನನ್ನ ಅಕ್ಕನೇ ಅಂತ ಗುರುತು ಸಿಗಲಿಲ್ಲ. ಮೈ ಊದಿತ್ತು. ಬಾಯಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಮಡಿಲಲ್ಲಿ ಎರಡೂ ಕೈ ನಡುಗುತ್ತಿದ್ದವು. ನನ್ನನ್ನು ನೋಡಿ ಗುರುತು ಹಿಡಿದಳು, ಆದರೆ ನಗು ಮೋರೆತನಕ ಬರಲಿಲ್ಲ.

"ಯಕ್ಕಾ, ಕೈ ಹಿಂಗ ನಡಗಾಕತ್ತಾವಲ್ಲ, ಡಾಕ್ಟರಿಗೆ ತೋರಿಸಿಲ್ಲೇನ?"

ಅವಳ ಮಾತು ತೊದಲುತ್ತಿತ್ತು. "ಮಾರಿ ಅಷ್ಟ ಕಾಣಸ್ತೈತಂತ ಬೇ ಆ ಫೋನಿನ್ಯಾಗ…"

ಮೈದುನನ ಹೆಂಡತಿ ಚಹಾ ತರಲು ಒಳಗೆ ಹೋದಾಗ ಅವಳು ನನ್ನ ಕಡೆ ಬಾಗಿದಳು. "ಹ್ಯಾಂಗದೀರಿ ಅಂತಾರ. ಇವ ಮೈದುನ ಮಗ್ಗಲಕ ಕುಂತಿರ್ತಾನ. ಚಲೋ ಅದೀನ್ರಿ ಅಂತೀನಿ. ಮತ್ತೇನನ್ನಲಿ ತಂಗಿ? ಹೊರಗ ಕೂಡ್ರಿ ಅಂತ ಯಾರೂ ಅನ್ನೂದಿಲ್ಲ."

ಪ್ರತಿ ಸಲ ಬೇರೆ ಡಾಕ್ಟರು. ಪ್ರತಿ ಸಲ ಮೈದುನ ನಿದ್ದೆ ಇಲ್ಲ, ಕೂಗಾಡುತ್ತಾಳೆ ಅನ್ನುತ್ತಿದ್ದ. ಅವರು ಒಂದಿಷ್ಟು ಗುಳಿಗೆ ಏರಿಸುತ್ತಿದ್ದರು. ಅವಳು ಮಲಗಿದಷ್ಟೂ ಮನೆ ಶಾಂತ, ನಿವಾಂತ.

ನಾನು ಸುಮ್ಮನೆ ಕೂಡಲಿಲ್ಲ. ನನ್ನ ಸರದಿಯ ಕರೆ ಬಂದಾಗ ನನ್ನ ವಿಷಯ ಬಿಟ್ಟು ಅಕ್ಕನ ವಿಷಯವನ್ನೇ ಹೇಳಿದೆ. ಆ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ಮೃದು. "ಬೇರೆ ಪೇಷಂಟ್ ಬಗ್ಗೆ ನಿಮ್ಮ ಹತ್ರ ಮಾತಾಡೋ ಹಾಗಿಲ್ಲಮ್ಮ, ಅದು ಅವರ ಗೌಪ್ಯತೆ" ಅಂದಳು. ನೀವು ಮಾತಾಡಬ್ಯಾಡ್ರಿ, ನಾನು ಹೇಳಿದ್ದು ಕೇಳಿದರೆ ಸಾಕು ಅಂದೆ. ಮನೆಯವರಿಂದಲೇ ತಿಳಿಸಿ ಅಂದಳು. ಯಾವ ಮನೆಯವರು ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲವೋ, ಅವರಿಂದಲೇ. ಗೌಪ್ಯತೆ ಅನ್ನುವ ಶಬ್ದ ಕೇಳಿದರೆ ಇವತ್ತಿಗೂ ನನ್ನ ಬಾಯಿ ಕಹಿಯಾಗುತ್ತದೆ.

ಆ ಊರಿನ ಆಶಾ ಕಾರ್ಯಕರ್ತೆಯ ನಂಬರು ಹುಡುಕಿ ಅವಳಿಗೂ ಹೇಳಿದೆ. ಪಾಪ, ಅವಳು ಹೋದಳು. ಬಂದು ನನಗೆ ಫೋನು ಮಾಡಿದಳು.

"ಅಕ್ಕಾರ, ನಾ ಏನ್ ಮಾಡ್ಲಿ ಹೇಳ್ರಿ. ಆಂವ ಫೋನ್ ತಗದು ತೋರಿಸಿದ. ಮೊನ್ನೆನ ಡಾಕ್ಟರ್ ನೋಡ್ಯಾರ, ಸುಧಾರಿಸ್ಯಾಳ ಅಂತ ಬರದಾರ. ಡಾಕ್ಟರ್ ಬರದಿದ್ದು ಖೊಟ್ಟಿ ಅಂತ ನಾ ಹ್ಯಾಂಗ ಅನ್ಲಿ?"

"ನೀವು ಆಕಿ ಕೈ ನೋಡಿದ್ರಿಲ್ಲೋ?"

"ನೋಡೀನ್ರಿ… ನನ್ನ ಕಣ್ಣಿಗೆ ಯಾರ ಕಿಮ್ಮತ್ತು ಕೊಡ್ತಾರ್ರಿ?"

ಮತ್ತೊಮ್ಮೆ ಹೋಗಿ, ಹೇಗಾದರೂ ಮಾಡಿ ವಿಜಯಪುರಕ್ಕೆ ಕರೆತಂದು ಬೇರೆ ಡಾಕ್ಟರಿಗೆ ತೋರಿಸಬೇಕು ಅಂತ ನಾನು, ನನ್ನ ಗಂಡ ಮಾತಾಡಿಕೊಂಡಿದ್ದೆವು. ಅಷ್ಟರಲ್ಲಿ ಅದೇ ಆಶಾ ಕಾರ್ಯಕರ್ತೆಯಿಂದ ಸುದ್ದಿ ಬಂತು. ಕಾಲು ಸೆಟೆದು ಬಚ್ಚಲಲ್ಲಿ ಬಿದ್ದಳಂತೆ. ಸೊಂಟದ ಚಪ್ಪೆ ಮುರಿದು ಹಾಸಿಗೆ ಹಿಡಿದಳಂತೆ. ಹೆಚ್ಚು ದಿನ ಉಳಿಯಲಿಲ್ಲ. ನಾನು ಮಣ್ಣಿಗೆ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಮೈದುನ ನನ್ನನ್ನು ನೋಡಿ, "ಡಾಕ್ಟರಗೋಳ ಏನೂ ಕಡಿಮಿ ಮಾಡ್ಲಿಲ್ರಿ, ತಪ್ಪದ ಫೋನ್ ಮಾಡ್ತಿದ್ರು" ಅಂದ. ನಿಜಕ್ಕೂ ತಪ್ಪದೆ ಮಾಡುತ್ತಿದ್ದರು. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಅವಳು ಹೋದ ಮೇಲೆ ಆ ಆ್ಯಪನ್ನು ತೆಗೆದು ಹಾಕಿದೆ. ಯಾರಾದರೂ ಎದುರಿಗೆ ಕೂತು ನನ್ನ ಮೋರೆ ಅಷ್ಟೇ ಅಲ್ಲ, ಕೈಕಾಲನ್ನೂ ನೋಡಲಿ ಅನ್ನುವ ಹಟ. ಒಂದಿನ ಅಂಗಡಿ ಮುಚ್ಚಿ ವಿಜಯಪುರದ ಇನ್ನೊಂದು ದವಾಖಾನೆಗೆ ಹೋದೆ. ಪಾಳಿ ಹಚ್ಚಿ ಮಧ್ಯಾಹ್ನದವರೆಗೆ ಕೂತೆ. ನನ್ನ ಹೆಸರು ಕರೆದು ಒಳಗೆ ಕಳಿಸಿದರು. ಕೋಣೆಯಲ್ಲಿ ಒಂದು ಕುರ್ಚಿ, ಅದರೆದುರು ಗೋಡೆಗೆ ಒಂದು ಟಿವಿ. ನರ್ಸಮ್ಮ ನನ್ನನ್ನು ಅದರ ಮುಂದೆ ಕೂಡಿಸಿ, ಬಟನ್ ಒತ್ತಿ, ಮೂಲೆಯ ಸ್ಟೂಲಿನ ಮೇಲೆ ಕೂತಳು.

ಟಿವಿಯೊಳಗೆ ಯಾವುದೋ ದೂರದ ಊರಿನ ಡಾಕ್ಟರು ಮೂಡಿದರು. ನನ್ನ ಹಳೆಯ ಚೀಟಿ ನೋಡಿ ಅವರಿಗೆ ಆಶ್ಚರ್ಯ.

"ಇದನ್ನ ಮನೇಲೇ ಕೂತು ಫೋನಲ್ಲಿ ಮಾತಾಡಬಹುದಿತ್ತಲ್ಲಮ್ಮ. ತಿಕೋಟಾದಿಂದ ಇಲ್ಲೀತನಕ ಯಾಕೆ ಬಂದ್ರಿ?"

"ನಮ್ಮ ಅಕ್ಕನ ಸಲುವಾಗಿ ಬಂದೀನ್ರಿ."

"ಅವರೂ ಬಂದಿದ್ದಾರಾ? ಹೊರಗಿದ್ದಾರಾ?"

"ಇಲ್ರಿ. ಆಕಿ ತೀರಿಕೊಂಡಾಳ."

ಇನ್ನು ಕೇಳುತ್ತಾರೆ, ಯಾರು, ಏನಾಗಿತ್ತು ಅಂತ ಕೇಳುತ್ತಾರೆ ಅಂತ ನಾನು ಕುರ್ಚಿಯ ತುದಿಗೆ ಸರಿದೆ.

ಅವರು ಕೆಳಗೆ ನೋಡಿ ಏನೋ ಟೈಪ್ ಮಾಡಿಕೊಂಡರು. ಆಮೇಲೆ ತಲೆ ಎತ್ತಿ, "ಊಟ ಸರಿಯಾಗಿ ಸೇರುತ್ತಾ?" ಅಂದರು.