ನೀಲಮ್ಮಕ್ಕನ ತಂಬೂರಿಯ ಬುರುಡೆ

ನೀಲಮ್ಮಕ್ಕಾ, ನಿಮ್ಮ ತಂಬೂರಿಗಿರುವ ಸೋರೆ ಬುರುಡೆ ನಿಮ್ಮ ಯಜಮಾನರು ಬೆಳೆದದ್ದಲ್ಲ. ಅದನ್ನು ನಾನು ಮೀರಜದಿಂದ ತರಿಸಿದ್ದು. ಅವರ ಬುರುಡೆ ನನ್ನ ಅಂಗಡಿಯಲ್ಲಿ, ನನ್ನಿಂದಲೇ ಒಡೆಯಿತು. ಅದನ್ನು ಮುಚ್ಚಿಟ್ಟವನೂ ನಾನೇ.

ಅವರು ತೀರಿದ ವರ್ಷ ನೀವು ತಂಬೂರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಗಂಗಾವತಿಯ ನನ್ನ ವಾದ್ಯದ ಅಂಗಡಿಗೆ ಬಂದಿರಿ. ಹೇಮಗುಡ್ಡದ ಕಡೆಯ ಹೊಲದ ಬೇಲಿಗೆ ಅವರೇ ಹಬ್ಬಿಸಿದ ಸೋರೆ ಬಳ್ಳಿಯದು ಅದರ ಬುರುಡೆ— ಆ ಒಂದು ಕಾಯಿ ದೊಡ್ಡದಾಗಲೆಂದು ಉಳಿದವನ್ನೆಲ್ಲ ಚಿವುಟಿ ಹಾಕಿದ್ದರಂತೆ. ಬುರುಡೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಮೇಲಿನ ಹಲಗೆ ಬಿಚ್ಚಿ, ಒಳಗಿನಿಂದ ಬಿರುಕಿಗೆ ಬಟ್ಟೆ ಅಂಟಿಸಿದೆ. ಹಸಿ ಅಂಟು ನೆರಳಲ್ಲೇ ಒಣಗಬೇಕು. ನನಗೆ ತಿಳಿಯದ ವಿಷಯವಲ್ಲ ಅದು.

ಆದರೆ ನನಗೊಂದು ಶಿಸ್ತು. ಶುಕ್ರವಾರ ನಮಾಜಿಗೆ ಹೋಗುವ ಮುನ್ನ ಅಂಗಡಿಯ ಸಿತಾರು, ಗಿಟಾರು, ಏಕತಾರಿಗಳನ್ನೆಲ್ಲ ಹುಳ ಹಿಡಿಯದಂತೆ ಕಟ್ಟೆಯ ಬಿಸಿಲಿಗಿಡಬೇಕು. ಅಂದೂ ಇಟ್ಟೆ, ನಿಮ್ಮದನ್ನೂ. ರೂಢಿಯಂತೆ ಕೈ ತಾನೇ ಇಟ್ಟಿತು ಎನ್ನಬಹುದು— ಎನ್ನುವುದಿಲ್ಲ. ನೋಡಿಯೇ ಇಟ್ಟೆ. ಒಂದು ವಾದ್ಯಕ್ಕಾಗಿ ನಿಯಮ ಮುರಿಯುವವನಲ್ಲ ಎಂಬ ಸೊಕ್ಕು. ಮಸೀದಿಯಿಂದ ಬಂದಾಗ ಬುರುಡೆ ಬಾಯಿ ಬಿಟ್ಟಿತ್ತು. ಎತ್ತಿದರೆ ಹೋಳಾಯಿತು.

ಹೊಸ ಬುರುಡೆ ಕೂಡಿಸಿದೆ, ಹಳೆಯದರ ಬಣ್ಣವನ್ನೇ ಬಳಿದೆ, ಅದರ ಮೇಲಿದ್ದ ಗೀರನ್ನೂ ಮೂಡಿಸಿದೆ. ನೀವು ತಂತಿ ಮೀಟಿ ಕಣ್ಣು ಮುಚ್ಚಿದಿರಿ. “ದನಿ ಅವರದ ಐತಿ ನೋಡ್ರಿ, ಮಾಬುಸಾಬ್ರ” ಎಂದಿರಿ. ನಾನು ತಲೆಯಾಡಿಸಿದೆ. ಆಮೇಲೊಮ್ಮೆ ಭಜನೆಯಲ್ಲಿ ಜೊತೆಗೆ ಹಾಡುವ ಶಾಂತಮ್ಮನಿಗೆ, “ನಿಂದು ಪ್ಯಾಟಿ ಬುರುಡಿ ಬಿಡವಾ, ಅದಕ್ಕೇನ್ ಗೊತ್ತು ಭಕ್ತಿ” ಎಂದು ಚುಚ್ಚಿದಿರಂತೆ. ಕೇಳಿ ನಕ್ಕಿದ್ದೆ. ಶಾಂತಮ್ಮನ ಬುರುಡೆಯನ್ನೂ ಮೀರಜದಿಂದ ತರಿಸಿಕೊಟ್ಟವನು ನಾನೇ.

ಹೋದ ವಾರ ತಂತಿ ಬದಲಿಸಲು ಬಂದಾಗ ನೀವಾಡಿದ ಮಾತಿಗೆ ನಗು ಬರಲಿಲ್ಲ.

“ನಾ ಹೋದ ದಿನ ಈ ಬುರುಡಿ ಬಿಚ್ಚಿ ನನ್ನ ಕೂಡ ಕುಣಿಯೊಳಗ ಇಡಬೇಕ್ರಿ. ಬಿಚ್ಚೋರು ನೀವ. ಮಗಗೂ ಹೇಳೇನಿ.”

ಬಿಚ್ಚುವುದಿಲ್ಲ, ಅಕ್ಕಾ. ಯಾರೋ ಬೆಳೆದದ್ದನ್ನು ಗಂಡನದೆಂದು ನಂಬಿ ನೀವು ಮಣ್ಣಿಗೆ ಹೋಗಲು ಬಿಡುವುದಿಲ್ಲ. ನನ್ನ ಹೆಂಡತಿ, “ಇಷ್ಟು ವರ್ಷ ಸುಮ್ಮನಿದ್ದವರು ಇನ್ನು ನಾಲ್ಕು ದಿನ ಸುಮ್ಮನಿರಿ, ಮುದುಕಿಯ ಜೀವ ಯಾಕೆ ನೋಯಿಸುತ್ತೀರಿ” ಎನ್ನುತ್ತಾಳೆ. ನಿಮ್ಮ ಮೇಲಿನ ಕನಿಕರ ಎಂದುಕೊಂಡು ನನ್ನ ಅಂಗಡಿಯ ಹೆಸರು ಕಾಪಾಡಿಕೊಂಡದ್ದು ಸಾಕು. ಇದನ್ನೂ ಕೇಳಿ— ಹೊಸ ಬುರುಡೆ ಕೂಡಿಸಿದ ಕೆಲಸಕ್ಕೆ ನನಗೆ ನಾಚಿಕೆಯಿಲ್ಲ. ಚೊಕ್ಕ ಕೆಲಸ. ಇಷ್ಟು ವರ್ಷ ನಿಮ್ಮ ಹಾಡಿಗೆ ಶ್ರುತಿ ಕೊಟ್ಟದ್ದು ಅದೇ. ನುಡಿಯುವ ವಾದ್ಯವನ್ನು ಹೂಳಲು ನಾನು ಕೈ ಹಚ್ಚುವುದಿಲ್ಲ, ಎಷ್ಟು ಬೈದರೂ.

ಇನ್ನೊಂದು ತಪ್ಪು ಉಳಿದಿದೆ. ಆ ಹೋಳುಗಳನ್ನು ಅಂದು ಸಂಜೆಯೇ ಚೀಲದಲ್ಲಿ ಕಟ್ಟಿ ಎಡದಂಡೆ ಕಾಲುವೆಗೆ ಎಸೆದೆ, ಯಾರ ಕಣ್ಣಿಗೂ ಬೀಳದಿರಲೆಂದು. ಅವು ನಿಮ್ಮವು. ಒಡೆದಿದ್ದರೂ ನಿಮ್ಮವು. ಎತ್ತಿಟ್ಟಿದ್ದರೆ ನಿಮ್ಮ ಜೊತೆ ಇಡಲು ಒಂದು ಚೂರಾದರೂ—

ನಾಳೆ ಅಂಗಡಿ ತೆರೆಯುವುದಿಲ್ಲ. ಇಲ್ಲಿ ಬರೆದದ್ದನ್ನು ನಿಮ್ಮೆದುರು ಹೇಳಲು ಬರುತ್ತೇನೆ, ಬರಿಗೈಯಲ್ಲಿ.