ಗಿಟಾರಿನ ಬೆನ್ನಿಗೆ ವಿಭೂತಿ

ಕಾರ್ಬನ್ ಫೈಬರ್ ಗಿಟಾರನ್ನು ಹೇಗೆ ತಯಾರಿಸುತ್ತಾರೆ ಎಂಬುದು ನನಗೆ ಸಾಕಷ್ಟು ಚೆನ್ನಾಗಿ ಗೊತ್ತು. ಅಂಥದೊಂದು ಗಿಟಾರನ್ನು ಮಾತ್ರ ಈವರೆಗೆ ಮುಟ್ಟಿ ನೋಡಿಲ್ಲ. ಮಾಸ್ತರಿಕೆ ಮಾಡಿದವನಿಗೆ ಇದೇನೂ ಹೊಸದಲ್ಲ. ಸಮುದ್ರ ನೋಡುವ ಮೊದಲೇ ಹತ್ತು ವರ್ಷ ಉಬ್ಬರ ಇಳಿತದ ಪಾಠ ಹೇಳಿದವನು ನಾನು.

ಈ ಜ್ಞಾನ ನನಗೆ ಬಂದದ್ದು ಸುರಪುರದ ಬೇಸಿಗೆಯಿಂದ. ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಬಾಗಿಲು ಚೌಕಟ್ಟಿನಲ್ಲಿ ಸಡಿಲಾಗುತ್ತದೆ, ತೊಟ್ಟಿಲು ಕಿರುಗುಟ್ಟುತ್ತದೆ, ನನ್ನ ಗಿಟಾರಿನ ಬೆನ್ನು ಬಿರುಕು ಬಿಡುತ್ತದೆ. ಮರವನ್ನು ಕಡಿದು ಎಷ್ಟೋ ವರ್ಷಗಳಾದ ಮೇಲೂ ಅದು ಗಾಳಿಯ ತೇವವನ್ನು ಕುಡಿಯುತ್ತ, ಬಿಡುತ್ತ ಇರುತ್ತದೆ. ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗುವುದು. ಬಾಗಿಲಿಗೆ ಇದು ನಡೆಯುತ್ತದೆ. ಗಿಟಾರಿನ ತೆಳ್ಳನೆಯ ಹಲಗೆಗೆ ನಡೆಯುವುದಿಲ್ಲ. ಅದರ ಪಕ್ಕದಲ್ಲಿ ನೀರಿನ ಕೊಡ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ ನೋಡಿದ್ದೇನೆ. ಮನೆಗೆ ಬಂದವರು ಯಾರಿಗೋ ಜ್ವರ ಬಂದಿದೆಯೆಂದು ತಿಳಿದು ದನಿ ತಗ್ಗಿಸಿ ಮಾತಾಡಿ ಹೋಗಿದ್ದಾರೆ.

ಆ ಗಿಟಾರನ್ನು ಮಾಡಿದವನು ನಮ್ಮ ಓಣಿಯ ಬಡಿಗ ಮೋನಪ್ಪ. ಬಾಗಿಲು, ತೊಟ್ಟಿಲು ಮಾಡಿಕೊಂಡಿದ್ದವನ ಮುಂದೆ ಗಿಟಾರಿನ ಚಿತ್ರ ಹಿಡಿದುಕೊಂಡು ಹೋಗಿ ನಿಂತವನು ನಾನೇ. ಅವನು ಏಳು ತಿಂಗಳು ತೆಗೆದುಕೊಂಡ. ಶಹಾಪುರದಲ್ಲಿ ಕೆಡವಿದ ಹಳೆಯ ಮನೆಯೊಂದರ ತೇಗದ ತೊಲೆ ತಂದು, ಕೊಯ್ದು ಹಲಗೆ ಮಾಡಿ, ಬಿಸಿನೀರು ಕುಡಿಸಿ ಬಗ್ಗಿಸಿದ. ಅದು ಮೊದಲು ನುಡಿದ ದಿನ ಊಟಕ್ಕೂ ಏಳದೆ ಸಂಜೆಯವರೆಗೆ ಕೂತು ಕೇಳಿದ. ನನಗೆ ಬಾರಿಸಲು ಬರುತ್ತಿದ್ದುದು ಎರಡೇ ಹಾಡು ಎಂಬುದನ್ನು ನೆನೆದರೆ ಅವನ ಸಂತೋಷದ ಅಳತೆ ಸಿಗುತ್ತದೆ.

ಮೂರು ಬೇಸಿಗೆ, ಮೂರು ಬಿರುಕು. ಪ್ರತಿ ಸಲವೂ ಅಂಟು ಹಾಕಿ ಸರಿಮಾಡಿ ಕೊಟ್ಟ. ಮೂರನೆಯ ಸಲ ಅಂಟು ಒರೆಸುತ್ತ, ನನ್ನ ಮುಖ ನೋಡದೆ ಹೇಳಿದ: "ಮಾಸ್ತರ್ರ, ಬರೋ ಬ್ಯಾಸಗ್ಯಾಗ ಮತ್ತ ಬಿರಕ ಬಿಡ್ತಂದ್ರ ನಾ ವಾದ್ಯದ ಕೆಲಸಕ್ಕ ಕೈ ಹಚ್ಚಂಗಿಲ್ರಿ. ಬಾಗಲಾ ಮಾಡ್ಕೊಂಡು ಇರ್ತೀನಿ."

ಬಡಿಗ ಬಾಗಿಲು ಮಾಡಿಕೊಂಡಿದ್ದರೆ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ಯಾರಿಗೂ ಇಲ್ಲ. ಆದರೆ ಆ ಏಳು ತಿಂಗಳು ಅವನ ಮುಖವನ್ನು ನೋಡಿದವನು ನಾನು. ಅವನು ಬಿಟ್ಟುಬಿಟ್ಟರೆ ಅದರಲ್ಲಿ ನನ್ನ ಪಾಲೂ ಇರುತ್ತದೆ ಎಂದು ಹೆದರಿದೆ. ಆ ಹೆದರಿಕೆಯಲ್ಲಿ ಫೋನು ಕೆದಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು, ಎಂಥ ಬಿಸಿಲಿಗೂ ಬಿರುಕು ಬಿಡದ ಕಪ್ಪು ಗಿಟಾರು.

ಅದರ ಹುಟ್ಟು ಹೀಗೆ. ಒಂದು ಬಗೆಯ ಕೃತಕ ನೂಲನ್ನು ಗಾಳಿಯಾಡದ ಕುಲುಮೆಯಲ್ಲಿಟ್ಟು, ಉರಿಯಗೊಡದೆ, ಹೆಚ್ಚುಕಡಿಮೆ ಇಂಗಾಲವೊಂದೇ ಉಳಿಯುವವರೆಗೆ ಕಾಯಿಸುತ್ತಾರೆ. ಆ ಕರಿ ಎಳೆಗಳನ್ನು ಬಟ್ಟೆಯಾಗಿ ನೇಯ್ದು, ರಾಳದಲ್ಲಿ ತೋಯಿಸಿ, ಗಿಟಾರಿನ ಆಕಾರದ ಅಚ್ಚಿಗೆ ಪದರ ಪದರವಾಗಿ ಹಾಸುತ್ತಾರೆ. ಒಂದು ಪದರದ ಎಳೆ ಉದ್ದಕ್ಕೆ, ಇನ್ನೊಂದರದು ಓರೆಗೆ. ತಂತಿಯ ಎಳೆತ ತಡೆಯಬೇಕಾದ ಕುತ್ತಿಗೆಗೆ ಹೆಚ್ಚು ಪದರ, ನಡುಗಬೇಕಾದ ಮುಖಕ್ಕೆ ಕಡಿಮೆ. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ಒಳಗಿನ ಗಾಳಿಯನ್ನು ಹೀರಿದರೆ ಬಟ್ಟೆ ಅಚ್ಚನ್ನು ಅಪ್ಪಿಕೊಳ್ಳುತ್ತದೆ. ಹಾಗೆಯೇ ಹದವಾದ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಆರಿಸಿ, ಅಚ್ಚಿನಿಂದ ಬಿಡಿಸಿ, ಅಂಚು ಕತ್ತರಿಸಿ, ಮುಖ ಬೆನ್ನು ಜೋಡಿಸಿ ತಂತಿ ಬಿಗಿದರೆ ಆಯಿತು. ಅದು ನೀರು ಕುಡಿಯುವುದಿಲ್ಲ. ಹಾಗಾಗಿ ಬಾಯಾರುವುದೂ ಇಲ್ಲ.

ಊಟದ ಹೊತ್ತಿನಲ್ಲಿ ಇದನ್ನೆಲ್ಲ ವಿವರಿಸಿದಾಗ ನನ್ನ ಹೆಂಡತಿ ಶಾಂತಾ, ಇದು ಕಾಗದದ ಬುಟ್ಟಿ ಮಾಡಿದ ಹಾಗೇ ಆಯಿತಲ್ಲ ಎಂದಳು. ನಮ್ಮ ಕಡೆ ಹೆಂಗಸರು ಹಳೆಯ ಕಾಗದ ನೆನೆಸಿ, ಮೆಂತ್ಯೆ ಹಾಕಿ ರುಬ್ಬಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ, ಬಿಸಿಲಿಗೆ ಒಣಗಿಸಿ ಬಿಡಿಸಿಕೊಳ್ಳುತ್ತಾರೆ. ನಾನು ನಕ್ಕುಬಿಟ್ಟೆ. ಅವಳನ್ನು ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಗಿಟಾರಿನ ಬೆನ್ನನ್ನಷ್ಟೇ ಕಾರ್ಬನ್ನಿನಲ್ಲಿ ಮಾಡುವುದೆಂದು ನಾನೂ ಮೋನಪ್ಪನೂ ನಿಶ್ಚಯಿಸಿದೆವು. ಬಟ್ಟೆ, ರಾಳ ಯಾದಗಿರಿಯವರೆಗೆ ಪಾರ್ಸಲ್ ಬಂದವು. ಅಲ್ಲಿಂದ ನಾನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅಚ್ಚಿಗೆ ಇದ್ದ ಗಿಟಾರಿನ ಬೆನ್ನೇ ಸಾಕು: ಅದರ ಮೇಲೆ ಹಾಸುವುದು, ಗಟ್ಟಿಯಾದ ಮೇಲೆ ಬಿಡಿಸುವುದು, ಮರದ ಬೆನ್ನು ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸುವುದು. ಚಳಿಗಾಲದ ರಜಾಯಿ ತುಂಬಿಡುವ ಪ್ಲಾಸ್ಟಿಕ್ ಚೀಲ ನಮ್ಮ ಮನೆಯಲ್ಲಿತ್ತು. ಗಾಳಿ ಹೀರಲು ಹೆಡ್‌ಮಾಸ್ತರರ ಮನೆಯ ವ್ಯಾಕ್ಯೂಮ್ ಕ್ಲೀನರ್ ಸಿಕ್ಕಿತು. ಒಲೆಯ ಚಿಂತೆಯೇ ಇರಲಿಲ್ಲ. ಮರುವರ್ಷದ ಯುಗಾದಿ ಮುಗಿದಿತ್ತು, ಮೋನಪ್ಪನ ಶೆಡ್ಡಿಗೆ ತಗಡಿನ ಚಾವಣಿ ಇತ್ತು.

ಹೊಸ ಕೆಲಸಕ್ಕೆ ಕೈ ಹಚ್ಚುವ ಮುಂಚೆ ಉಳಿ, ಬಾಚಿ, ಕಟ್ಟಿಗೆ ಎಲ್ಲಕ್ಕೂ ವಿಭೂತಿ ಹಚ್ಚುವುದು ಅವನ ಮನೆತನದ ರೂಢಿ. ಗಿಟಾರಿನ ಬೆನ್ನಿನ ಮೇಲೂ ಮೂರು ಬೆರಳು ಅಡ್ಡಕ್ಕೆ ಎಳೆದು ಕೈ ಮುಗಿದ. ನಾನೂ ಮುಗಿದೆ. ಆಮೇಲೆ ರಾಳ ಬಳಿದು ಬಟ್ಟೆ ಹಾಸಿದೆವು.

ಮರುದಿನ ಬಿಡಿಸಲು ಹೋದರೆ ಬರಲಿಲ್ಲ. ಉಳಿಗೂ ಜಗ್ಗಲಿಲ್ಲ, ಚಾಕುವಿಗೂ ಜಗ್ಗಲಿಲ್ಲ. ಬೆರಳಿನಿಂದ ಬಡಿದು ನೋಡಿದರೆ ವಿಭೂತಿಯ ಮೂರು ಪಟ್ಟೆಗಳ ಮೇಲೆ ಮಾತ್ರ ಟೊಳ್ಳು ಸದ್ದು. ಅಲ್ಲಷ್ಟೇ ಅಂಟು ಹಿಡಿದಿರಲಿಲ್ಲ. ಚಹಾ ತಂದ ಶಾಂತಾ ಬಗ್ಗಿ ನೋಡಿದಳು. "ಬುಟ್ಟಿ ಮಾಡಾಗ ನಾವು ಕೊಡಕ್ಕ ಪೂರಾ ಬೂದಿ ಬಡಿತೀವ್ರಿ, ಅಂಟಬಾರ್ದಂತ. ನೀವು ದೇವರಿಗೆ ಎಷ್ಟ ಬೇಕೋ ಅಷ್ಟ ಹಚ್ಚೀರಿ." ಕಾರ್ಖಾನೆಯವರು ಅಚ್ಚಿಗೆ ಮೊದಲು ಮೇಣ ಸವರುತ್ತಾರೆಂದು ನಾನು ಓದಿದ್ದೆ. ಓದಿದ್ದೆ ಎಂಬುದನ್ನು ಅವರಿಬ್ಬರಿಗೂ ಹೇಳಲಿಲ್ಲ.

ಅಂಟಿದ್ದು ಅಂಟಿತು. ಹಾಗೆಯೇ ತಂತಿ ಬಿಗಿದೆವು. ದನಿ ಕೊಂಚ ಮಂಕಾಗಿತ್ತು, ನೆಗಡಿ ಹಿಡಿದವರ ಮಾತಿನ ಹಾಗೆ. ಆದರೆ ಆ ಬೇಸಿಗೆ ಪೂರ್ತಿ ಬೆನ್ನು ಬಿರುಕು ಬಿಡಲಿಲ್ಲ. ಮೊದಲ ಮಳೆ ಬಿದ್ದ ಮರುದಿನ ಗಿಟಾರು ಹೊತ್ತುಕೊಂಡು ಮೋನಪ್ಪನಲ್ಲಿಗೆ ಹೋಗಿ, ಗೆದ್ದೆವು, ಇನ್ನು ನೀನು ಕೆಲಸ ಬಿಡುವ ಮಾತಿಲ್ಲ ಎಂದೆ. ಅವನು ಅದನ್ನು ಬೋರಲು ಮಾಡಿ ಕಪ್ಪು ಬೆನ್ನನ್ನು ತುಂಬ ಹೊತ್ತು ನೋಡಿದ.

"ಬಿರಕ ಬಿಟ್ಟಿಲ್ಲ, ಖರೆ. ಬಿಡಾಕ ನಾವೆಲ್ಲಿ ಕೊಟ್ಟೇವ್ರಿ? ಒಳಗ ನನ್ನ ಹಲಗಿ ತಡಕೊಂಡೈತೋ ಇಲ್ಲೋ, ಇನ್ನ ಯಾರಿಗೂ ತಿಳಿಯಂಗಿಲ್ಲ."

ನನಗೆ ನಾಚಿಕೆಯಾಯಿತು. ಪರೀಕ್ಷೆ ಬರೆಯಲು ಕೂತವನ ಉತ್ತರಪತ್ರಿಕೆಯ ಮೇಲೆ ಮಾಸ್ತರನೇ ಮಸಿ ಚೆಲ್ಲಿದಂತಾಗಿತ್ತು. ಇವನು ಇನ್ನು ವಾದ್ಯದ ಕೆಲಸ ಬಿಟ್ಟನೆಂದೇ ತಿಳಿದೆ. ಅವನು ಎದ್ದು ಶೆಡ್ಡಿನ ಅಟ್ಟದಿಂದ ಉದ್ದನೆಯ ಹೊನ್ನೆ ಹಲಗೆಯೊಂದನ್ನು ಎಳೆಯತೊಡಗಿದ. ಮೊದಲ ಬಿರುಕು ಕಂಡ ವರ್ಷವೇ ಅದನ್ನು ಕೊಯ್ಯಿಸಿ ಅಲ್ಲಿ ಒಣಗಲು ಇಟ್ಟಿದ್ದನಂತೆ, ನನಗೆ ಹೇಳಿರಲಿಲ್ಲ. ಇನ್ನೊಂದು ಮಾಡುತ್ತೇನೆ, ಬಿರುಕು ಬಿಡುವುದಿದ್ದರೆ ಎಲ್ಲರೆದುರಿಗೇ ಬಿಡಲಿ ಎಂದ. ನನ್ನ ಬಳಿ ಕಾರ್ಬನ್ ಬಟ್ಟೆ ಇನ್ನೂ ಎರಡು ಮೊಳ ಉಳಿದಿತ್ತು. ಅದು ಹಾಗೇ ಇರಲಿ ಎಂದುಕೊಂಡೆ. ಹಲಗೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೆ.