ಹನ್ನೆರಡು ನಂಬರಿನ ಗುರಲಿಂಗಪ್ಪ

ಬರೆದುಕೋ ವಿಮಲಾ, ತೊಂಬತ್ತೆರಡರಲ್ಲಿ ಮುಂಬಯಿಯ ಮಾಟುಂಗದ ನಮ್ಮ ಬಿಲ್ಡಿಂಗಿಗೆ ಟಿವಿ ಕೇಬಲ್ ಎಳೆದವನು ಗುರಲಿಂಗಪ್ಪ, ವಿಜಾಪುರದ ಕಡೆಯವನು. ಕೊರಳಲ್ಲಿ ಕರೀ ವೈರಿನ ಸುರುಳಿ, ಕಿವಿಯ ಮೇಲೆ ಟೆಸ್ಟರ್, ಮಲಗುವಾಗಲೂ ತೆಗೆಯುತ್ತಿರಲಿಲ್ಲವೇನೋ. ನಿಮ್ಮ ತಾತ ತಂದಿದ್ದ ನಮ್ಮ ಟಿವಿಗೆ ತಿರುಗಿಸುವ ಗುಂಡಿ, ಅದರಲ್ಲಿ ಹನ್ನೆರಡೇ ನಂಬರು. ಮೂರನೇ ಮಹಡಿಯ ಸೀತಾರಾಮನ ಹೊಸ ಟಿವಿಗೆ ರಿಮೋಟು, ಮೂವತ್ತು ನಂಬರು. ತಂತಿ ಮಾತ್ರ ಎಲ್ಲರಿಗೂ ಒಂದೇ. ಅದಕ್ಕೇ ಗುರಲಿಂಗಪ್ಪ ಎಲ್ಲರೂ ನೋಡುವಂಥದ್ದನ್ನು ಹನ್ನೆರಡರ ಒಳಗಿಟ್ಟು, ಮಿಕ್ಕದ್ದನ್ನು ಮೇಲಿನ ನಂಬರಿಗೆ ಹಾಕುತ್ತಿದ್ದ. ಏನೇ ಬದಲಾಯಿಸಲಿ, ಮೊದಲು ನಮ್ಮ ಮನೆಗೆ ಬಂದು ಗುಂಡಿಯನ್ನು ಒಂದರಿಂದ ಹನ್ನೆರಡರವರೆಗೆ ತಿರುಗಿಸಿ, ಹಳೇದರಲ್ಲಿ ಕಂಡ ಮೇಲೇ ಹೊಸ ಟಿವಿಯವರ ಬಾಗಿಲು ತಟ್ಟುತ್ತಿದ್ದ. ಅಷ್ಟರಲ್ಲಿ ನಾನು ಕೊಟ್ಟ ಕಾಫಿ ಆರಿಹೋಗಿರುತ್ತಿತ್ತು, ಅದು ಬಿಡು. ಒಂದು ದಿನ ಸೀತಾರಾಮ ಅವನನ್ನು ನಮ್ಮ ಬಾಗಿಲಲ್ಲೇ ಹಿಡಿದ. “ಅರೇ ಗುರಲಿಂಗಪ್ಪ, ಪೂರಾ ಹೊಸಾ ಮಷೀನ್ ಹಾಕಿಬಿಡಪ್ಪ, ಎಲ್ಲಾ ಚಾನೆಲ್ಲೂ ಮೇಲಿನ ನಂಬರಿಗೇ ಬರ್ಲಿ. ಹಳೇ ಡಬ್ಬಾಗಳು ಬಂದ್ ಆದ್ರೆ ಆಗ್ಲಿ, ಅಜ್ಜಿ ಭಜನೆ ಮಾಡ್ಕೊಂಡಿರ್ತಾರೆ.” ತಾತ ಹೋದ ಮೇಲೆ ಮಧ್ಯಾಹ್ನದ ಹೊತ್ತು ಮನೆಯಲ್ಲಿ ಮಾತಾಡುತ್ತಿದ್ದದ್ದು ಆ ಡಬ್ಬಾ ಒಂದೇ. ಗುರಲಿಂಗಪ್ಪ ಕೊರಳಿನ ವೈರಿನ ಸುರುಳಿ ಸರಿಮಾಡಿಕೊಂಡ. “ನಮ್ಮ ಗಿರಣಿಗೆ ಹೊಸಾ ಮಗ್ಗ ಬಂದಾಗೂ ಹಿಂಗ ಅಂದಿದ್ರರೀ ಸಾಹೇಬ್ರ. ಎಂಟನೂರು ಮಂದಿ ಇದ್ದಿವಿ, ಎಲ್ಲಾರ ಕೆಲಸಾನೂ ಹೋತು. ಹೊಸಾದ್ರ ಬಾಜೂಕ ಹಳೇ ಮಗ್ಗನೂ ನಡಸಬಹುದಿತ್ತು. ಯಾರೂ ನಡಸಲಿಲ್ಲ.” ಅವನು ಗಿರಣಿಯಲ್ಲಿದ್ದನೆಂದು ನನಗೆ ಅವತ್ತೇ ಗೊತ್ತಾದದ್ದು. ಸೀತಾರಾಮ ಮೆಟ್ಟಿಲು ಹತ್ತಿ ಹೋದ. ಗುರಲಿಂಗಪ್ಪ ಒಳಗೆ ಬಂದು, ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗುಂಡಿಯನ್ನು ಒಂದರಿಂದ ತಿರುಗಿಸತೊಡಗಿದ.